ಓದು ಅನ್ನಬೇಡ, ಓದಿ ಹೇಳು

ಮಗನಿಗೆ ‘ಓದು, ಓದು’ ಅನ್ನುವುದನ್ನು ಇವತ್ತಿನಿಂದಲೇ ಬಿಟ್ಟುಬಿಡು ಕೂಸೇ. ಹೇಳಿಸಿಕೊಂಡು, ಬೈಸಿಕೊಂಡು ಓದಿದ ಮಕ್ಕಳನ್ನು ಶಾಲೆಯಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಪರೀಕ್ಷೆ ಮುಗಿದ ಸಾಯಂಕಾಲವೇ ಪುಸ್ತಕ ಮೂಲೆಗೆ ಬೀಳುತ್ತದೆ. ಆಮೇಲೆ ಆ ಮಕ್ಕಳು ದೊಡ್ಡವರಾಗಿ ಸಿಕ್ಕಾಗ, ‘ಏನಾದರೂ ಓದ್ತೀಯೇನಪ್ಪಾ’ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ನಿನ್ನ ಮಗ ಹಾಗಾಗಬಾರದು ಅನ್ನುವ ಆಸೆ ನಿನ್ನದೂ ಹೌದು, ನನ್ನದೂ ಹೌದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ‘ಹ್ಞೂಂ ದೊಡ್ಡಮ್ಮ’ ಅಂದು ಮರೆತುಬಿಡುತ್ತೀಯ.

‘ನಮ್ಮ ಮನೆತನದಲ್ಲಿ ಎಲ್ಲರೂ ಓದುವವರೇ, ಇವನೊಬ್ಬ ಯಾಕೆ ಹೀಗಾದ’ ಅಂತ ಕೇಳಿದೆಯಲ್ಲ, ಆ ಮಾತು ಪೂರ್ತಿ ನಿಜವಲ್ಲ. ನಿನ್ನ ಮುತ್ತಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಚಂದ್ರಹಾಸನ ಕಥೆ, ಸುಧನ್ವನ ಕಥೆ ಅವರ ಬಾಯಲ್ಲಿ ಎಲ್ಲಿ ಬೇಕಾದರೂ ಶುರುವಾಗುತ್ತಿತ್ತು, ಎಲ್ಲೂ ತಪ್ಪುತ್ತಿರಲಿಲ್ಲ. ಅದು ಹೇಗೆ ಬಂತು ಗೊತ್ತೇ? ಜೈಮಿನಿ ಭಾರತದಿಂದ. ಅದನ್ನು ಬರೆದ ಲಕ್ಷ್ಮೀಶ ದೂರದವನೇನಲ್ಲ, ಕಡೂರು ಸೀಮೆಯ ದೇವನೂರಿನವನು. ಮಳೆಗಾಲದಲ್ಲಿ ಗದ್ದೆ ನಾಟಿ ಮುಗಿದ ಮೇಲೆ ರಾತ್ರಿ ಊಟ ಮಾಡಿ ಜಗಲಿಯಲ್ಲಿ ಓದಿಸುತ್ತಿದ್ದರು. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ಕೇಳುವವರು ಊರಿಗೆ ಊರೇ. ಕಂಬಳಿ ಹೊದ್ದು ಹೊಡಸಲಿನ ಬೆಂಕಿಯ ಸುತ್ತ ಕೂತವರಲ್ಲಿ ಹೆಬ್ಬೆಟ್ಟು ಒತ್ತುವವರೇ ಹೆಚ್ಚು. ಹಾಗಂತ ಅವರಿಗೆ ಸಾಹಿತ್ಯ ಗೊತ್ತಿರಲಿಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಚಂದ್ರಹಾಸನನ್ನು ಕೊಲ್ಲಲು ಕಳಿಸಿದ ಓಲೆಯಲ್ಲಿ ವಿಷಯೆ ಒಂದಕ್ಷರ ತಿದ್ದುವ ಜಾಗ ಬಂದಾಗ ಮುತ್ತಜ್ಜಿ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರಂತೆ, ಎಷ್ಟನೇ ಸಲ ಕೇಳುತ್ತಿದ್ದರೂ ಅಷ್ಟೇ. ಓದು ನಮ್ಮ ಮನೆಗೆ ಬಂದ ದಾರಿ ಅದು. ಅವರ ಮಗಳಿಗೆ ಅಕ್ಷರ ಬಂತು, ಆಮೇಲೆ ನಮಗೆಲ್ಲ ಬಂತು. ನಡುವೆ ಎಲ್ಲೋ, ಎಲ್ಲರಿಗೂ ಅಕ್ಷರ ಬಂದ ಮೇಲೆ, ಇನ್ನೊಬ್ಬರಿಗೆ ಓದಿ ಹೇಳುವ ಪದ್ಧತಿಯೇ ನಿಂತುಹೋಯಿತು. ಎಲ್ಲರೂ ತಂತಮ್ಮ ಕೋಣೆಯಲ್ಲಿ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದೆವು. ಹತ್ತು ವರ್ಷದ ಹುಡುಗನಿಗೆ ಮೌನವಾಗಿ ಓದುತ್ತಾ ಕೂತ ಅಮ್ಮ ಕಾಣುತ್ತಾಳೆಯೇ ಹೊರತು ಆ ಪುಸ್ತಕದಲ್ಲೇನಿದೆ ಅನ್ನುವುದು ಹೇಗೆ ತಿಳಿಯಬೇಕು?

ಆದ್ದರಿಂದ ನಾನು ಹೇಳುವುದು ಒಂದೇ. ಓದಿ ಹೇಳು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಸಾಕು. ಅವನು ನಿನ್ನ ಎದುರು ಕೈಕಟ್ಟಿ ಕೂರಬೇಕಾಗಿಲ್ಲ. ಮಲಗಿರಲಿ, ನಾಯಿಮರಿಯ ಕಿವಿ ಎಳೆಯುತ್ತಿರಲಿ, ಕಾಗದದಲ್ಲಿ ಏನೋ ಗೀಚುತ್ತಿರಲಿ, ಕಿವಿ ಅವನದು ಇಲ್ಲೇ ಇರುತ್ತದೆ. ಗೊತ್ತಿಲ್ಲದ ಪದ ಬಂದಾಗೆಲ್ಲ ನಿಲ್ಲಿಸಿ ಅರ್ಥ ಹೇಳಬೇಡ, ಕೇಳಿದರೆ ಮಾತ್ರ ಹೇಳು. ಮುಗಿದ ಮೇಲೆ ‘ಈ ಕಥೆಯ ನೀತಿ ಏನು’ ಅಂತ ಯಾವತ್ತೂ ಕೇಳಬೇಡ. ಆ ಪ್ರಶ್ನೆ ಎಷ್ಟು ಒಳ್ಳೆಯ ಕಥೆಗಳನ್ನು ಮಕ್ಕಳ ಬಾಯಿಗೆ ಕಹಿ ಮಾಡಿದೆಯೋ ಲೆಕ್ಕವಿಲ್ಲ. ಇನ್ನೊಂದು ಗುಟ್ಟು: ಕಥೆ ಎಲ್ಲಿ ಬಿಗಿಯಾಗುತ್ತದೋ ಅಲ್ಲೇ ಪುಸ್ತಕ ಮುಚ್ಚಿ, ‘ಸಾಕು, ಇನ್ನು ನಾಳೆ’ ಅನ್ನು. ಬೆಳಗ್ಗೆ ಆ ಪುಸ್ತಕ ಇಟ್ಟ ಜಾಗದಲ್ಲಿ ಇರುವುದಿಲ್ಲ. ಎಲ್ಲಿ ಹೋಯಿತು ಅಂತ ಹುಡುಕಬೇಡ, ಸುಮ್ಮನಿರು.

ಏನು ಓದಬೇಕು ಅಂದರೆ, ನಿನ್ನ ಚಿಕ್ಕ ಮಗಳಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಿಂದ ಶುರು ಮಾಡು. ಬ್ರೌನಿಂಗ್ ಕವಿಯ ಕಥೆ ಅದು, ಆದರೆ ಕುವೆಂಪು ಅದನ್ನು ನಮ್ಮ ಊರಿನದೇ ಮಾಡಿಬಿಟ್ಟಿದ್ದಾರೆ. ಇಲಿಗಳು ಬರುವ ಭಾಗವನ್ನು ಗಟ್ಟಿಯಾಗಿ, ಲಯ ಹಿಡಿದು ಓದಿದರೆ ಮಂಚದ ಮೇಲೆ ಮಕ್ಕಳು ಕೂರುವುದಿಲ್ಲ, ಕುಣಿಯುತ್ತವೆ. ರಾಜರತ್ನಂ ಅವರ ಪದ್ಯಗಳು ನಿನಗೇ ಬಾಯಿಪಾಠ ಇವೆಯಲ್ಲ, ಅದಕ್ಕೆ ಪುಸ್ತಕವೂ ಬೇಡ. ದೊಡ್ಡವನಿಗೆ ತೇಜಸ್ವಿ ಅವರನ್ನು ಹಿಡಿ. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಇದೇ ಮಳೆ, ಇದೇ ಜಿಗಣೆ, ಇದೇ ಕಾಡಿನ ನಡುವೆ ಕೂತು ಬರೆದವರು ಅವರು. ‘ಕರ್ವಾಲೊ’ ಓದುವಾಗ ಬೆಂಗಳೂರಿನ ಹುಡುಗನಿಗೆ ಹಾರುವ ಓತಿ ಅಂದರೆ ಏನೆಂದು ವಿವರಿಸಬೇಕಾಗುತ್ತದೆ. ನಿನ್ನ ಮಗನಿಗೆ ತೋಟದ ಅಡಿಕೆ ಮರ ತೋರಿಸಿದರೆ ಸಾಕು. ಅದರಲ್ಲಿ ಬರುವ ಮಂದಣ್ಣನಂಥವನು ಒಬ್ಬ ನಿಮ್ಮ ತೋಟದಲ್ಲೂ ಕೆಲಸಕ್ಕೆ ಬರುತ್ತಿರುತ್ತಾನೆ, ಯೋಚನೆ ಮಾಡಿ ನೋಡು. ತೇಜಸ್ವಿ ಅವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು, ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕನ ಕಥೆ, ಇವನ್ನೆಲ್ಲ ಆಷಾಢದ ರಾತ್ರಿಗೆ ಇಟ್ಟುಕೋ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ನಿಮ್ಮ ಹಾನುಬಾಳಿನ ಕಡೆ ಯಾವತ್ತು ಬರುತ್ತದೋ ದೇವರಿಗೇ ಗೊತ್ತು. ಫೋನಿನ ಚಾರ್ಜು ಮುಗಿದು ಮನೆಯವರೆಲ್ಲ ಒಂದೇ ದೀಪದ ಸುತ್ತ ಸೇರುವ ಆ ದಿನಗಳು ಬೇರೆ ಊರಿನ ತಾಯಂದಿರಿಗೆ ಸಿಕ್ಕುವುದಿಲ್ಲ. ಅದನ್ನು ಬಿಡಬೇಡ.

ಅಳಿಯಂದಿರಿಗೂ ಒಂದು ಮಾತು ಹೇಳು, ನಾನು ಹೇಳಿದೆ ಅಂತಲೇ ಹೇಳು. ಮಗನಿಗೆ ವಾರಕ್ಕೆ ಎರಡು ದಿನವಾದರೂ ಅವರೇ ಓದಿ ಹೇಳಲಿ. ಮನೆಯಲ್ಲಿ ಹೆಂಗಸರು ಮಾತ್ರ ಓದುತ್ತಿದ್ದರೆ ಗಂಡುಹುಡುಗನಿಗೆ ಹತ್ತು ಹನ್ನೆರಡು ವರ್ಷಕ್ಕೆ ಅದು ತನ್ನದಲ್ಲ ಅನ್ನಿಸಿಬಿಡುತ್ತದೆ. ನಮ್ಮ ಶಾಲೆಗಳಲ್ಲಿ ಐದನೆಯ ತರಗತಿಯವರೆಗೆ ಕಥೆಪುಸ್ತಕಕ್ಕೆ ಕಿತ್ತಾಡುತ್ತಿದ್ದ ಹುಡುಗರು ಏಳನೆಯದಕ್ಕೆ ಬರುವಷ್ಟರಲ್ಲಿ ದೂರ ನಿಲ್ಲುತ್ತಿದ್ದರು. ಹುಡುಗಿಯರು ಹಾಗೆ ಬಿಡುತ್ತಿರಲಿಲ್ಲ. ಅಪ್ಪ ಓದುವುದನ್ನು ಕಂಡ ಹುಡುಗರೂ ಬಿಡುತ್ತಿರಲಿಲ್ಲ.

ಇನ್ನು, ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾನೆ, ಕನ್ನಡ ತಡವರಿಸಿ ಓದುತ್ತಾನೆ ಅಂತ ನಿನಗೆ ಚಿಂತೆ. ತಡವರಿಸಲಿ ಬಿಡು. ನಮ್ಮ ಹಾಸನದ ಬಾನು ಮುಷ್ತಾಕ್ ಅವರನ್ನು ನೆನೆಸಿಕೋ. ಮನೆಯ ಮಾತು ಕನ್ನಡವಲ್ಲ. ಎಂಟು ವರ್ಷವಾದ ಮೇಲೆ ಅವರ ತಂದೆ ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡರಂತೆ. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು. ಅನುವಾದ ಮಾಡಿದ ದೀಪಾ ಭಾಸ್ತಿ ಕೂಡ ಮಡಿಕೇರಿಯವರು, ನಮ್ಮ ಘಟ್ಟದ ಆಚೀಚೆಯವರೇ. ಎಂಟು ವರ್ಷಕ್ಕೆ ಅಕ್ಷರ ಹಿಡಿದರೆ ತಡವಾಯಿತು ಅನ್ನುವ ಕಾಲ ಇದು. ಹಾಗೇನಿಲ್ಲ ಕೂಸೇ. ಇಂಗ್ಲಿಷ್ ಪುಸ್ತಕವನ್ನೇ ಇಷ್ಟಪಟ್ಟರೆ ಅದನ್ನೂ ಓದಲಿ, ಎರಡಕ್ಕೂ ಜಗಳ ಹಚ್ಚಬೇಡ. ಕನ್ನಡ ಅವನ ಕಿವಿಗೆ ದಿನಾ ಬೀಳುವಂತೆ ನೋಡಿಕೊಂಡರೆ ಕಣ್ಣಿಗೆ ತಾನಾಗಿ ಇಳಿಯುತ್ತದೆ.

ಅದಕ್ಕೆ ನಿಮ್ಮ ಮನೆಯಲ್ಲೇ ಒಂದು ಒಳ್ಳೆಯ ಉಪಾಯವಿದೆ. ನಿಮ್ಮ ಮಾವನವರಿಗೆ ಕಣ್ಣಿನ ಪೊರೆ ಬಂದಮೇಲೆ ಪೇಪರ್ ಓದಲು ಕಷ್ಟ ಅಂದಿದ್ದೆಯಲ್ಲ. ಆ ಕೆಲಸವನ್ನು ಮಗನಿಗೆ ವಹಿಸು. ಮಧ್ಯಾಹ್ನದ ಬಸ್ಸಿನಲ್ಲಿ ಪ್ರಜಾವಾಣಿ ಬಂದರೆ, ಶಾಲೆಯಿಂದ ಬಂದ ಮೇಲೆ ಅಜ್ಜನಿಗೆ ಓದಿ ಹೇಳಲಿ. ಮೊದಲು ಕಾಫಿ ಧಾರಣೆ. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೋಬಸ್ಟಾ ಚೆರ್ರಿ ಎಷ್ಟು, ಮೆಣಸು ಏರಿತೋ ಇಳಿಯಿತೋ. ಅಜ್ಜನಿಗೆ ಅದು ಬೇಕೇ ಬೇಕು, ತಪ್ಪಾಗಿ ಓದಿದರೆ ಅಲ್ಲೇ ತಿದ್ದುತ್ತಾರೆ. ಆಮೇಲೆ ಹಾಸನ ಜಿಲ್ಲೆಯ ಪುಟ, ಎಲ್ಲಿ ಆನೆ ಬಂತು, ಯಾರ ತೋಟ ತುಳಿಯಿತು. ತನ್ನ ಓದು ಮನೆಯಲ್ಲಿ ಒಬ್ಬರಿಗೆ ನಿಜವಾಗಿ ಬೇಕಾಗಿದೆ ಅಂತ ಗೊತ್ತಾದ ಹುಡುಗನಿಗೆ ಯಾವ ಉಪದೇಶವೂ ಬೇಡ. ಹಿರಿಯರಿಂದ ಕಿರಿಯರಿಗೆ ಮಾತ್ರ ಓದು ಹರಿಯುತ್ತದೆ ಅಂದುಕೊಂಡಿದ್ದೇವೆ, ಹೀಗೆ ಮೇಲಕ್ಕೂ ಹರಿಯಬೇಕು. ಮಾವನವರ ಕಣ್ಣಿನ ಆಪರೇಷನ್ ಆದ ಮೇಲೂ ಇದನ್ನು ನಿಲ್ಲಿಸಬೇಡಿ.

ಅವನು ಆರಿಸಿಕೊಳ್ಳುವ ಪುಸ್ತಕವನ್ನು ನೋಡಿ ಮುಖ ಸಿಂಡರಿಸಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಓದುವ ಮನೆಗಳಲ್ಲೇ ಈ ತಪ್ಪು ಜಾಸ್ತಿ. ನಮ್ಮ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಗಂಡುಮಕ್ಕಳು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದರು. ನಾಲ್ಕನೇ ತರಗತಿ ಓದಿ, ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದ್ದ ಮನುಷ್ಯ ಅವರು, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪಂಡಿತರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಓಡಿಯೇ ಓದುವ ಚಟ ಹತ್ತಿಸಿಕೊಂಡವರು ಮುಂದೆ ಕಾರಂತರಿಗೂ ಬಂದರು, ಭೈರಪ್ಪನವರಿಗೂ ಬಂದರು. ಹೆಂಗಸರದೂ ಇದೇ ಕಥೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ ಕಾದಂಬರಿ ತರಿಸಿಕೊಂಡು, ಒಲೆಯ ಮುಂದೆ ಕಡುಬು ಬೇಯುವಷ್ಟು ಹೊತ್ತಿನಲ್ಲಿ ಹತ್ತು ಪುಟ ಮುಗಿಸುತ್ತಿದ್ದರು. ‘ಅಡುಗೆಮನೆ ಸಾಹಿತ್ಯ’ ಅಂತ ಗಂಡಸರು ಆಡಿಕೊಂಡರು. ಆ ಇಂದಿರಾ ತೀರ್ಥಹಳ್ಳಿಯವರು, ಶಾಲೆಗೆ ಹೋಗಿದ್ದು ಏಳೇ ವರ್ಷ, ಕಾದಂಬರಿ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ. ಅಷ್ಟು ವರ್ಷ ಅವರು ಓದಿದ್ದು ಎಲ್ಲಿ ಹೋಗಿತ್ತು? ‘ಫಣಿಯಮ್ಮ’ನ ಒಳಗೆ ಬಂತು. ಮಗ ಕಾಮಿಕ್ಸ್ ಓದುತ್ತಾನೋ, ಕ್ರಿಕೆಟ್ ಪುಟ ಓದುತ್ತಾನೋ, ಓದಲಿ. ಹಿಡಿದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟರೂ ಬಿಡಲಿ. ಹಿಡಿಸದ ಪುಸ್ತಕವನ್ನು ಕೆಳಗಿಡುವ ಹಕ್ಕು ಓದುಗನಿಗಿದೆ.

ಈಗ ಲೈಬ್ರರಿಯ ವಿಷಯ. ಮನೆತುಂಬ ಪುಸ್ತಕ ಇದ್ದಾಗ ಲೈಬ್ರರಿ ಯಾಕೆ ಅಂತ ನೀನು ಅಂದುಕೊಂಡಿರಬಹುದು. ಮನೆಯ ಕಂದಾಯ ಕಟ್ಟಿದ ರಸೀದಿ ಎಲ್ಲಿಟ್ಟಿದ್ದೀಯೋ ತೆಗೆದು ನೋಡು. ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲಾಗಿ ಇರುತ್ತದೆ. ಕಂದಾಯದ ನೂರು ರೂಪಾಯಿಗೆ ಆರು ರೂಪಾಯಿ ಲೈಬ್ರರಿಯ ಪಾಲು. 1965ರಲ್ಲಿ ಗ್ರಂಥಾಲಯ ಕಾಯ್ದೆ ಆದಾಗಿನಿಂದ ಈ ಕರ ನಡೆದುಬಂದಿದೆ. ಆ ಕಾಯ್ದೆಯ ಹಿಂದೆ ಎಸ್.ಆರ್. ರಂಗನಾಥನ್ ಅವರ ಯೋಚನೆ ಇತ್ತು. ಗಣಿತದ ಮೇಷ್ಟರಾಗಿದ್ದು ಲೈಬ್ರರಿಯನ್ ಆದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದೇ ಅವರ ಮೊದಲ ನಿಯಮ. ಅದಕ್ಕೂ ಹಿಂದೆ, ಮಹಾರಾಜರ ಕಾಲದಲ್ಲೇ ವಯಸ್ಕರ ಶಿಕ್ಷಣ ಸಮಿತಿಯವರು ಮೈಸೂರು ಸೀಮೆಯ ಹಳ್ಳಿಹಳ್ಳಿಗೆ ಪುಸ್ತಕದ ಪೆಟ್ಟಿಗೆ ಕಳಿಸಿದ್ದರು, ‘ಬೆಳಕು’ ಅನ್ನುವ ವಾರಪತ್ರಿಕೆಯನ್ನೂ ತರುತ್ತಿದ್ದರು. ಗ್ರಂಥಾಲಯ ಕರದ ದುಡ್ಡು ನೀವು ಕಟ್ಟುತ್ತಲೇ ಇದ್ದೀರಿ, ಅಜ್ಜನ ಕಾಲದಿಂದ ಕಟ್ಟಿದ್ದೀರಿ. ಲೈಬ್ರರಿಯ ಬಾಗಿಲು ತುಳಿಯದಿದ್ದರೆ ನಷ್ಟ ಯಾರಿಗೆ?

2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ರಾಜ್ಯದಲ್ಲಿ ಅಂಥವು ಐದು ಸಾವಿರಕ್ಕೂ ಮೇಲಿವೆ. ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿರುತ್ತಾರೆ. ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ‘ಓದುವ ಬೆಳಕು’ ಅಂತ ಶುರು ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇದು ನಮ್ಮ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ನಾನು ನಂಬಿದ್ದೇನೆ. ಎಲ್ಲ ಊರಿನಲ್ಲೂ ಚೆನ್ನಾಗಿ ನಡೆಯುತ್ತಿದೆ ಅಂತ ಹೇಳಲಾರೆ. ಕೆಲವು ಕಡೆ ಪುಸ್ತಕಕ್ಕಿಂತ ಬೀಗ ದೊಡ್ಡದಿರುತ್ತದೆ. ಆದರೆ ಹೋಗುವವರಿದ್ದರೆ ತೆರೆಯಲೇಬೇಕಾಗುತ್ತದೆ. ನೀನು ಹೋಗು, ಮಗನನ್ನು ಕರೆದುಕೊಂಡು ಹೋಗು, ಕಾರ್ಡು ಅವನ ಹೆಸರಿನಲ್ಲೇ ಮಾಡಿಸು, ರಿಜಿಸ್ಟರಿನಲ್ಲಿ ಸಹಿ ಅವನೇ ಹಾಕಲಿ. ಹತ್ತು ವರ್ಷದ ಹುಡುಗನಿಗೆ ಸಹಿ ಹಾಕಿ ಒಂದು ವಸ್ತು ಪಡೆಯುವ ಅವಕಾಶ ಇನ್ನೆಲ್ಲಿ ಸಿಗುತ್ತದೆ? ಕೊಂಡ ಪುಸ್ತಕ ‘ಯಾವಾಗಲಾದರೂ ಓದಿದರಾಯ್ತು’ ಅಂತ ಕಪಾಟಿನಲ್ಲಿ ಕೂರುತ್ತದೆ. ಎರವಲು ತಂದದ್ದಕ್ಕೆ ಹಿಂದಿರುಗಿಸುವ ದಿನ ಇರುತ್ತದೆ, ಆದ್ದರಿಂದ ಓದಿಸಿಕೊಳ್ಳುತ್ತದೆ. ಹಿಂದಿರುಗಿಸಲು ಹೋದವನು ಬರಿಗೈಯಲ್ಲಿ ಬರುವುದೂ ಇಲ್ಲ.

ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಅದು ಬಿಟ್ಟ ಕೂಡಲೇ ಹೋಗಿ ಬಂದುಬಿಡಿ. ಸಾಯಂಕಾಲ ಬೇಡ. ನಮ್ಮ ಆಲೂರು, ನಿಮ್ಮ ಸಕಲೇಶಪುರದ ಕಡೆ ಮಕ್ಕಳ ಓದಿಗೆ ಆನೆಯೂ ಒಂದು ಅಡ್ಡಿ ಅಂದರೆ ಹೊರಗಿನವರು ನಂಬುವುದಿಲ್ಲ. 2014ರಲ್ಲಿ ಇಲ್ಲಿಂದ 22 ಆನೆ ಹಿಡಿದು ಸಾಗಿಸಿದರು, ಆಮೇಲೆ ಬೇರೆ ಆನೆಗಳು ಬಂದವು. ಈಗ ಎಲ್ಲಿ ಹಿಂಡು ಇದೆ ಅಂತ ಅರಣ್ಯ ಇಲಾಖೆಯವರು ವಾಟ್ಸಾಪಿನಲ್ಲಿ ತಿಳಿಸುತ್ತಾರೆ. ಅದನ್ನು ನೋಡಿಕೊಂಡೇ ಹೊರಡು. ಆನೆ ಇದೆ ಅಂದ ವಾರ ಹೋಗಬೇಡ. ಮನೆಯಲ್ಲಿರುವುದನ್ನೇ ಓದಿ ಹೇಳು. ಲೈಬ್ರರಿಯಲ್ಲಿ ಕೂತು ಓದಲು ಸಂಜೆ ಹೊತ್ತು ಮಾತ್ರ ಬಿಡುವಾಗುವ ಮಕ್ಕಳಿಗೆ ನಮ್ಮ ಈ ಬೆಟ್ಟಗಳಲ್ಲಿ ದಾರಿಯೇ ಇಲ್ಲ. ಪಂಚಾಯಿತಿಯವರ ಹತ್ತಿರ ನಿಮ್ಮ ಯಜಮಾನರು ಮಾತಾಡುವಾಗ ಇದನ್ನು ಎತ್ತಲಿ. ಪುಸ್ತಕಗಳು ಶಾಲೆಗೆ ಬಂದು ಹೋಗುವಂತೆ ಮಾಡಿದರೆ ಎಷ್ಟೋ ಮಕ್ಕಳಿಗೆ ಅನುಕೂಲ. ರಂಗನಾಥನ್ ಅವರ ಕಾಲದಲ್ಲಿ, 1931ರಲ್ಲಿ, ತಮಿಳುನಾಡಿನ ಮನ್ನಾರುಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಲೈಬ್ರರಿ ಓಡಿಸಿದ್ದರು. ಜೀಪಿನಲ್ಲಿ ಒಂದು ಪೆಟ್ಟಿಗೆ ಸಾಗಿಸಲು ನಮಗೇನು ಕಷ್ಟ?

ನಿಮ್ಮ ತೋಟದ ಲೈನ್ ಮನೆಯ ಕೂಲಿಕಾರರ ಮಕ್ಕಳನ್ನು ಮರೆಯಬೇಡ. ಅಪ್ಪ ಅಮ್ಮ ತಮಿಳಿನವರೋ, ಮಲಯಾಳದವರೋ, ಈಚೆಗೆ ಬಂದ ಅಸ್ಸಾಮಿನವರೋ ಇರಬಹುದು. ಹಣ್ಣು ಕುಯ್ಯುವ ಕಾಲದಲ್ಲಿ ಬಂದು, ಮುಗಿದ ಮೇಲೆ ಹೊರಟುಹೋಗುವವರೂ ಇದ್ದಾರೆ. ಆ ಮಕ್ಕಳ ಮನೆಯಲ್ಲಿ ಓದಿ ಹೇಳುವವರಿಲ್ಲ. ಆನೆಯ ಸುಳಿವಿಲ್ಲದ ರಾತ್ರಿ ನೀನು ಓದಿ ಹೇಳುವಾಗ ಜಗಲಿಗೆ ಅವರನ್ನೂ ಕರೆ. ನಿನ್ನ ಮಗನಿಗೂ ಜೊತೆ ಸಿಗುತ್ತದೆ. ಒಬ್ಬನೇ ಕೇಳುವುದಕ್ಕಿಂತ ನಾಲ್ಕು ಮಂದಿ ಸೇರಿ ನಕ್ಕರೆ ಕಥೆ ಹೆಚ್ಚು ದಿನ ನೆನಪಿರುತ್ತದೆ. ಮೈಸೂರಿನ ಸೈಯದ್ ಇಸಾಕ್ ಅವರ ವಿಷಯ ಪೇಪರಿನಲ್ಲಿ ಓದಿದ್ದು ನಿನಗೆ ನೆನಪಿರಬಹುದು. ಕೂಲಿ ಮಾಡಿ ಬದುಕಿದವರು, ಓದುವ ಭಾಗ್ಯ ತಮಗೆ ಸಿಗಲಿಲ್ಲ ಅಂತ ರಾಜೀವನಗರದಲ್ಲಿ ಶೆಡ್ ಹಾಕಿ ಬೇರೆಯವರಿಗಾಗಿ ಲೈಬ್ರರಿ ಮಾಡಿದರು, ದುಡಿದ ದುಡ್ಡಿನಲ್ಲಿ ದಿನಪತ್ರಿಕೆಗಳನ್ನು ತರಿಸಿ ಇಟ್ಟರು. 2021ರ ಏಪ್ರಿಲಿನಲ್ಲಿ ಅದು ಸುಟ್ಟುಹೋಯಿತು, ಸಾವಿರಾರು ಪುಸ್ತಕ ಬೂದಿಯಾದವು. ಆಗ ನಾಡಿನ ಎಲ್ಲೆಲ್ಲಿಂದಲೋ ಜನ ಪುಸ್ತಕ, ದುಡ್ಡು ಕಳಿಸಿದರು. ಆ ಸುದ್ದಿ ಓದುವಾಗ ನನಗೆ ಅತ್ತಿಮಬ್ಬೆಯ ನೆನಪಾಯಿತು. ಸಾವಿರ ವರ್ಷದ ಹಿಂದೆ ಪೊನ್ನನ ‘ಶಾಂತಿಪುರಾಣ’ ಅಳಿದುಹೋಗಬಾರದು ಅಂತ ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅವಳು. ಒಂದು ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿ ಭದ್ರ ಮಾಡಿಡಬಹುದಾಗಿತ್ತು, ಅವಳು ಹಂಚಿದಳು. ನಮ್ಮ ಮನೆಯ ಪುಸ್ತಕ ನಮ್ಮ ಮೊಮ್ಮಕ್ಕಳಿಗಷ್ಟೇ ಅಂತ ಇಟ್ಟುಕೊಂಡರೆ ಮೊಮ್ಮಕ್ಕಳಿಗೂ ಸಿಗುವುದಿಲ್ಲ, ಗೆದ್ದಲಿಗೆ ಸಿಗುತ್ತದೆ.

ಗೆದ್ದಲು ಅಂದಾಗ ನೆನಪಾಯಿತು, ಮಳೆಗಾಲದಲ್ಲಿ ಪುಸ್ತಕ ನೋಡಿಕೊಳ್ಳುವುದನ್ನೂ ಮಗನಿಗೆ ಕಲಿಸಬೇಕು. ಓದುವ ಪ್ರೀತಿಯ ಅರ್ಧ ಈ ಕೆಲಸದಲ್ಲೇ ಕೈಗೆ ಹತ್ತುತ್ತದೆ. ಬಯಲುಸೀಮೆಯವರಿಗೆ ಇದರ ಕಷ್ಟ ಗೊತ್ತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಪುಸ್ತಕದ ಕಪಾಟನ್ನು ಗೋಡೆಗೆ ಒತ್ತಿ ಇಡಬೇಡ, ಒಂದು ಗೇಣು ಮುಂದಕ್ಕೆ ಎಳೆ. ಹೊರಗೋಡೆಗೆ ಬೇಡವೇ ಬೇಡ, ನಡುಮನೆಯ ಒಳಗೋಡೆಯ ಕಡೆ ಇರಲಿ. ಕೆಳಗಿನ ಹಲಗೆ ನೆಲಕ್ಕೆ ತಾಗದಂತೆ ಇಟ್ಟಿಗೆ ಕೊಡು. ಗಾಜಿನ ಬಾಗಿಲ ಬೀರು ನೋಡಲು ಚಂದ, ಆದರೆ ನಾಲ್ಕು ತಿಂಗಳು ಮುಚ್ಚಿಟ್ಟರೆ ಒಳಗೆಲ್ಲ ಬೂಷ್ಟು. ವಾರಕ್ಕೊಂದು ಸಲ ಬಾಗಿಲು ತೆಗೆದು, ಪುಸ್ತಕಗಳನ್ನು ಅಲ್ಲಾಡಿಸಿ ಜಾಗ ಬದಲಿಸಬೇಕು. ಬಿಗಿಯಾಗಿ ತುರುಕಬಾರದು, ಬೆರಳು ಹೋಗುವಷ್ಟು ಸಡಿಲ ಬೇಕು. ಬೂಷ್ಟು ಹಿಡಿದರೆ ಒದ್ದೆ ಬಟ್ಟೆ ಮುಟ್ಟಿಸಬೇಡ, ಇನ್ನೂ ಹರಡುತ್ತದೆ. ಹೊರಗೆ ಕೊಂಡೊಯ್ದು ಒಣಗಿದ ಹತ್ತಿ ಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ ಗಾಳಿಗೆ ಇಡು. ನಮ್ಮ ಅಜ್ಜ ಬಜೆ ಬೇರಿನ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಪುಸ್ತಕಗಳ ನಡುವೆ ಇಡುತ್ತಿದ್ದರು. ಓಲೆಗರಿಯ ಕಾಲದಿಂದ ಬಂದ ಉಪಾಯ ಅದು, ಹುಳ ಹತ್ತಿರ ಸುಳಿಯುವುದಿಲ್ಲ. ಬೇವಿನ ಸೊಪ್ಪು ಚೆನ್ನಾಗಿ ಒಣಗಿದ್ದರೆ ಅದೂ ಆಗುತ್ತದೆ, ಹಸಿ ಸೊಪ್ಪು ಇಟ್ಟರೆ ಅದರ ನೀರಿಗೇ ಕಾಗದ ಹಾಳು.

ಜನವರಿ, ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗಲು ಹಾಕಿರುತ್ತೀರಿ. ಅದೇ ದಿನಗಳಲ್ಲಿ ಒಂದು ಭಾನುವಾರ ಪುಸ್ತಕಗಳನ್ನೆಲ್ಲ ಹೊರಗೆ ತೆಗೆಯಿರಿ. ಕಾಫಿಯಂತೆ ಉರಿಬಿಸಿಲಿಗೆ ಹಾಕಬೇಡಿ, ಅಂಟು ಬಿರಿದು ಹೊಲಿಗೆ ಬಿಡುತ್ತದೆ, ಶಾಯಿ ಮಾಸುತ್ತದೆ. ಜಗಲಿಯ ನೆರಳಿನಲ್ಲಿ, ಗಾಳಿಯಾಡುವ ಕಡೆ ಚಾಪೆ ಹಾಸಿ ಹರಡಿ. ಜೈನರ ಮನೆಗಳಲ್ಲಿ ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರಗೆ ತೆಗೆದು, ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ರೂಢಿ ಇದೆ. ಅಂಥ ಒಂದು ದಿನ ನಿಮ್ಮ ಮನೆಗೂ ಇರಲಿ. ಮಕ್ಕಳಿಬ್ಬರನ್ನೂ ಕೂರಿಸು. ಒರೆಸಲು ಕೊಟ್ಟ ಪುಸ್ತಕವನ್ನು ಮಗ ಬಿಡಿಸಿ ನೋಡಿಯೇ ನೋಡುತ್ತಾನೆ. ಮೊದಲ ಪುಟದಲ್ಲಿ ಅಜ್ಜನ ಸಹಿ ಇರುತ್ತದೆ, ಕೊಂಡ ಊರು ಇರುತ್ತದೆ, ಎಲ್ಲೋ ನಡುವೆ ಬಸ್ ಟಿಕೆಟ್ ಸಿಗುತ್ತದೆ, ಅಂಚಿನಲ್ಲಿ ಪೆನ್ಸಿಲಿನಿಂದ ‘ಇದು ಸುಳ್ಳು’ ಅಂತ ಬರೆದಿರುತ್ತದೆ. ಯಾರು ಬರೆದದ್ದು, ಯಾಕೆ ಸುಳ್ಳು ಅಂತ ಕೇಳುತ್ತಾನೆ. ಅವತ್ತು ಒರೆಸುವ ಕೆಲಸ ಅರ್ಧಕ್ಕೇ ನಿಂತರೂ ಬೈಯಬೇಡ. ಮಕ್ಕಳೂ ತಮ್ಮ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಲಿ. ಪಂಚಾಯಿತಿಯ ಪುಸ್ತಕದಲ್ಲಿ ಮಾತ್ರ ಗೀಟು ಎಳೆಯಬಾರದು ಅಂತ ಹೇಳಿಕೊಡು.

ಕೊನೆಗೆ ನನ್ನ ಪುಸ್ತಕಗಳ ಸಂಗತಿ. ಈ ಸೀಮೆಯಲ್ಲಿ ಹಿರಿಯರು ಹೋದ ಮೇಲೆ ಅವರ ಪುಸ್ತಕಗಳು ಏನಾಗುತ್ತವೆ ಅಂತ ನೋಡಿದ್ದೇನೆ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ತಿಥಿ ಮುಗಿಸಿ ಮನೆಗೆ ಬೀಗ ಹಾಕಿ ಹೋಗುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಬಂದು ನೋಡಿದರೆ ಒಂದು ಮುದ್ದೆಯಾಗಿರುತ್ತದೆ, ಇಲ್ಲವೇ ಗುಜರಿಯವನ ಆಟೋದಲ್ಲಿ ತೂಕಕ್ಕೆ ಹೋಗಿರುತ್ತದೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಅಂಥ ಪುಸ್ತಕಗಳನ್ನೆಲ್ಲ ತಂದು ತಂದು ಲಕ್ಷಗಟ್ಟಲೆ ಕೂಡಿಸಿದ್ದಾರೆ, ಸಕ್ಕರೆ ಕಾರ್ಖಾನೆಯ ಸಂಬಳದ ಬಹುಪಾಲನ್ನು ಅದಕ್ಕೇ ಸುರಿದರು. ಪ್ರತಿ ತಾಲ್ಲೂಕಿಗೂ ಒಬ್ಬ ಅಂಕೇಗೌಡರು ಎಲ್ಲಿ ಸಿಗುತ್ತಾರೆ? ಆದ್ದರಿಂದ ನಾನಿರುವಾಗಲೇ ಹಂಚಿಬಿಡಬೇಕು ಅಂತಿದ್ದೇನೆ. ಗೊರೂರರ ‘ಹಳ್ಳಿಯ ಚಿತ್ರಗಳು’, ‘ಹೇಮಾವತಿ’, ಕಾರಂತರ ‘ಬಾಲಪ್ರಪಂಚ’, ಭೈರಪ್ಪನವರ ‘ಗೃಹಭಂಗ’, ಹಳೆಯ ‘ಕಸ್ತೂರಿ’ ಸಂಚಿಕೆಗಳ ಕಟ್ಟು, ಎಲ್ಲ ಇನ್ನೂ ಚೆನ್ನಾಗಿವೆ. ನಮ್ಮ ಮಗ್ಗೆಯ ಕಡೆಯ ಶಾಲೆಗೆ ಒಂದಷ್ಟು ಎತ್ತಿಟ್ಟಿದ್ದೇನೆ. ಪಂಚಾಯಿತಿ ಲೈಬ್ರರಿಯವರಿಗೂ ಹೇಳಿದ್ದೇನೆ. ಅವರಿಗೆ ಏನು ಬೇಕೋ ಕೇಳಿಕೊಂಡೇ ಕೊಡಬೇಕು, ನಮಗೆ ಬೇಡವಾದದ್ದನ್ನು ತಂದು ಸುರಿಯಬಾರದು.

ಮಳೆ ಹಿಡಿಯುವ ಮೊದಲು, ಮೇ ತಿಂಗಳ ರಜೆಯಲ್ಲೇ, ಜೀಪು ತೆಗೆದುಕೊಂಡು ಬಾ. ಮಕ್ಕಳನ್ನು ಬಿಟ್ಟು ಬರಬೇಡ. ಅಟ್ಟದ ಪೆಟ್ಟಿಗೆಗಳನ್ನು ಕೆಳಗಿಳಿಸಿ ಇಟ್ಟಿರುತ್ತೇನೆ. ಮೊದಲು ಅವನು ಆರಿಸಿಕೊಳ್ಳಲಿ, ಆಮೇಲೆ ಚಿಕ್ಕವಳು, ಉಳಿದದ್ದರಲ್ಲಿ ನೀನು ನೋಡು. ಲೈನ್ ಮನೆಯ ಮಕ್ಕಳಲ್ಲಿ ಯಾರಾದರೂ ಬರುತ್ತೇನೆ ಅಂದರೆ ಅವರನ್ನೂ ಹತ್ತಿಸಿಕೊಂಡು ಬಾ, ಅಕ್ಕಿರೊಟ್ಟಿಗೆ ಹಿಟ್ಟು ಜಾಸ್ತಿ ಬೀಸಿಸಿ ಇಡುತ್ತೇನೆ.